ಅಚ್ಚಿಗೆ ಹೋದ ಮೇಲೆ

ತಪ್ಪು ತಿದ್ದುವುದೇ ನನ್ನ ಜೀವನೋಪಾಯ. ಕನ್ನಡದಲ್ಲಿ ಎಂ.ಎ. ಮುಗಿಸಿ, ಕಾಲೇಜೊಂದರಲ್ಲಿ ಉಪನ್ಯಾಸಕನಾಗಿ, ಅಲ್ಪಪ್ರಾಣ ಮಹಾಪ್ರಾಣಗಳ ನಡುವೆ ಭೇದವನ್ನೇ ಕಾಣದ ಸಮದರ್ಶಿಗಳಾದ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿಯನ್ನು ಧಾರಾಳವಾಗಿ ಹರಿಸುತ್ತ ಹತ್ತು ವರ್ಷ ಕಳೆದಿದ್ದೇನೆ. ಇಂಥ ನಾನು, ಬದುಕಿರುವ ನನ್ನ ಸೋದರತ್ತೆಯನ್ನು ದಿವಂಗತರೆಂದು ಸಾರುವ ಪುಟವೊಂದರ ಅಂಚಿನಲ್ಲಿ ‘ಸರಿಯಾಗಿದೆ, ಅಚ್ಚು ಮಾಡಬಹುದು’ ಎಂದು ಬರೆದು, ಸ್ವಹಸ್ತದಿಂದ ರುಜು ಹಾಕಿದೆ.

ಮೊದಲಿನಿಂದ ಹೇಳುತ್ತೇನೆ. ನಮ್ಮೂರು ಉಳವಿ. ಹೀಗೆಂದೊಡನೆ ಹೊಸಬರು ಕೈಮುಗಿದು, ಚನ್ನಬಸವಣ್ಣನವರ ಜಾತ್ರೆಯ ವಿಚಾರ ಕೇಳುತ್ತಾರೆ. ಆ ಉಳವಿ ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನದು. ನಮ್ಮದು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಒಂದು ಹೋಬಳಿ. ಅಡಕೆ, ಭತ್ತ, ಮಳೆ ಇವಿಷ್ಟೇ ನಮ್ಮ ವೈಭವ. ನನ್ನ ತಂದೆಯವರು ಆ ಸುತ್ತಿನ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದರು. ಮಕ್ಕಳಿಗೆ ಮಗ್ಗಿ ಹೇಳಿಕೊಡುವುದರ ಜೊತೆಗೆ ಅವರಿಗಿದ್ದ ಒಂದೇ ಒಂದು ವ್ಯಸನವೆಂದರೆ ಹಾಡುಗಳನ್ನು ಬರೆದುಕೊಳ್ಳುವುದು. ನಾಟಿಯ ಹಾಡು, ಬೀಸುವ ಪದ, ಗೌರಿ ಹಬ್ಬದ ಹಾಡು, ಭೂಮಿ ಹುಣ್ಣಿಮೆಯ ಹಾಡು, ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಬರುವ ಅಂಟಿಗೆ-ಪಂಟಿಗೆಯವರ ಪದ, ಎಲ್ಲವನ್ನೂ ಶಾಲೆಯ ಹಳೆಯ ಹಾಜರಿ ಪುಸ್ತಕಗಳ ಖಾಲಿ ಹಾಳೆಗಳಲ್ಲಿ ಬರೆದಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಪೆಟ್ಟಿಗೆ ತೆಗೆದು ನೋಡಿದರೆ ಅಂಥ ಪುಸ್ತಕಗಳು ಒಂಬತ್ತು. ಮಗನೆಂಬ ಋಣಕ್ಕೂ, ಕನ್ನಡದ ಮೇಷ್ಟ್ರೆಂಬ ಹೆಸರಿಗೂ ಒಪ್ಪುವಂತೆ ಅವನ್ನು ಅಚ್ಚು ಮಾಡಿಸಲು ಹೊರಟೆ. ಡೆಮಿ 1/8 ಆಕಾರ, ಹದಿನಾರು ಪುಟಗಳ ಏಳು ಫಾರಂ, ಒಟ್ಟು 112 ಪುಟ, ಮುನ್ನೂರು ಪ್ರತಿ. ದೀಪಾವಳಿಗೆ ಊರಿನಲ್ಲಿಯೇ ಬಿಡುಗಡೆ.

ಪುಸ್ತಕದ ಮೂರನೆಯ ಪುಟದಲ್ಲಿ ಹಾಡು ಹೇಳಿದವರ ಪಟ್ಟಿಯಿದೆ. ತಂದೆಯವರೇ ಬರೆದದ್ದು. ಎರಡು ಸಾಲಾಗಿ ಜೋಡಿಸಿದ ಇಪ್ಪತ್ತು ಹೆಸರುಗಳು. ಅವರಲ್ಲಿ ಬಹುಮಂದಿ ಈಗಿಲ್ಲ. ಅಂಥವರ ಹೆಸರಿನ ಹಿಂದೆ ‘ದಿ.’ ಎಂದು ಸೇರಿಸುವಂತೆ ಕರಡಚ್ಚಿನಲ್ಲಿ ಗುರುತು ಹಾಕಿ ಕೊಟ್ಟೆ. ಅಕ್ಷರ ಜೋಡಿಸುವವರು ಒಂದು ಗುರುತನ್ನು ಕೆಳಗಿನ ಸಾಲಿಗೆ ಇಳಿಸಿದರು. ಅಲ್ಲಿದ್ದದ್ದು ನನ್ನ ಅತ್ತೆಯ ಹೆಸರು. ಎರಡನೆಯ ಕರಡಚ್ಚು ಬಂದಾಗ ನಾನು ಹಾಡುಗಳನ್ನೆಲ್ಲ ಅಕ್ಷರ ಅಕ್ಷರವಾಗಿ ನೋಡಿದೆನೇ ಹೊರತು ಪಟ್ಟಿಯ ಮೇಲೆ ಕಣ್ಣು ಆಡಿಸಿಬಿಟ್ಟೆ. ಮನೆಯವರ ಹೆಸರನ್ನು ಯಾರು ಓದುತ್ತಾರೆ? ಅದು ಗೊತ್ತಿದ್ದದ್ದೇ ತಾನೆ!

ಮುದ್ರಣಕ್ಕೆ ಸಿದ್ಧವಾದ ಕಡತವನ್ನು ಸಂತೋಷದಿಂದ ಊರಿಗೆ ಕಳುಹಿಸಿದೆ. ಅತ್ತೆಗೆ ಎಂಬತ್ತನಾಲ್ಕು ವರ್ಷ, ಕಣ್ಣು ಮಂಜು. ಏಳನೆಯ ತರಗತಿಯಲ್ಲಿ ಓದುತ್ತಿರುವ ಅವರ ಮೊಮ್ಮಗಳು ಮೊಬೈಲಿನಲ್ಲಿ ಪಟ್ಟಿಯನ್ನು ಗಟ್ಟಿಯಾಗಿ ಓದಿದಳು. ಶಾಲೆಯಲ್ಲಿ ಚೆನ್ನಾಗಿ ಕಲಿತ ಹುಡುಗಿ, ‘ದಿ.’ ಎಂಬುದನ್ನು ಸಂಕ್ಷೇಪವಾಗಿ ಬಿಡದೆ ‘ದಿವಂಗತ’ ಎಂದು ಪೂರ್ಣವಾಗಿಯೇ ಉಚ್ಚರಿಸಿದಳು.

ಆ ಸಂಜೆ ಅತ್ತೆಯ ದೂರವಾಣಿ ಬಂತು.

“ಏನೋ ತಮ್ಮಾ, ನಾನು ಸತ್ತಿದ್ದು ಯಾವತ್ತೋ? ನಂಗೇ ಗೊತ್ತಾಗ್ಲಿಲ್ಲವಲ್ಲ!”

ಆಕೆ ನಕ್ಕರು. ಹಿಂದಿನಿಂದ ನನ್ನ ತಾಯಿಯ ದನಿ ಕೇಳಿಸಿತು, ಅದರಲ್ಲಿ ನಗುವಿರಲಿಲ್ಲ.

ಮರುದಿನ ಬೆಳಿಗ್ಗೆ ಮುದ್ರಣಾಲಯಕ್ಕೆ ಹೋದೆ. ಎರಡು ಅಕ್ಷರದ ಕೆಲಸ, ಹತ್ತು ನಿಮಿಷದಲ್ಲಿ ಮುಗಿದೀತು ಎಂಬ ಭರವಸೆಯಿತ್ತು. ಯಜಮಾನರು ಕುರ್ಚಿ ಕೊಟ್ಟು ಚಹಾ ತರಿಸಿದರು. ಚಹಾ ಬಂದೊಡನೆ ನನಗೆ ಸಂಶಯ ಹುಟ್ಟಿತು. ಶುಭವಾರ್ತೆಗೆ ಯಾರೂ ಚಹಾ ತರಿಸುವುದಿಲ್ಲ. ಹಿಂದಿನ ವಾರದ ಗುಡುಗುಮಳೆಯಲ್ಲಿ ಪುಟ ಜೋಡಿಸುವ ಯಂತ್ರ ಸುಟ್ಟುಹೋಗಿತ್ತು. ಮೂಲ ಕಡತ ಅದರೊಡನೆಯೇ ಹೋಯಿತು. ಉಳಿದದ್ದು ನನಗೆ ಕಳುಹಿಸಿದ್ದ ಪಿಡಿಎಫ್ ಮಾತ್ರ. “ಪುಸ್ತಕವನ್ನೇ ಮತ್ತೆ ಕೂಡಿಸಬೇಕಾದರೆ ದೀಪಾವಳಿ ಕಳೆಯುತ್ತದೆ ಸಾರ್. ಇಲ್ಲವೆಂದರೆ ಒಂದು ಒಪ್ಪೋಲೆ ಹಾಕೋಣ” ಎಂದರು.

ಒಪ್ಪೋಲೆಯೆಂಬ ಪದದ ಮೇಲೆ ನನಗೆ ಪ್ರೀತಿಯುಂಟು. ತಪ್ಪು ಒಪ್ಪುಗಳ ಓಲೆ! ಆದರೆ ಅದನ್ನು ಓದಿದವರನ್ನು ಮಾತ್ರ ನಾನು ಈವರೆಗೆ ಕಂಡಿಲ್ಲ. ಪುಸ್ತಕದ ಕೊನೆಗೆ ಅಂಟಿಸಿದ ಆ ಚೀಟಿ ಮೊದಲ ಮಳೆಗಾಲದಲ್ಲಿಯೇ ಉದುರಿ, ಮುಂದೆ ಯಾವುದೋ ಪುಟಕ್ಕೆ ಗುರುತಾಗಿ ಕೂರುತ್ತದೆ. ‘ಪುಟ 3, ಸಾಲು 14, ದಿವಂಗತ ಎಂದಿರುವಲ್ಲಿ ಜೀವಂತ ಎಂದು ಓದಿಕೊಳ್ಳಬೇಕು’ ಎಂದು ನನ್ನ ಅತ್ತೆಯ ಆಯುಸ್ಸನ್ನು ಒಂದು ಚೀಟಿಗೆ ಒಪ್ಪಿಸಲು ಮನಸ್ಸು ಬರಲಿಲ್ಲ. ಗುರುವಾರದವರೆಗೆ ಅವಧಿ ಕೇಳಿಕೊಂಡು ಹೊರಬಿದ್ದೆ.

ಭಾನುವಾರ ಊರಿಗೆ ಹೋದೆ, ಕ್ಷಮೆ ಕೇಳುವುದಕ್ಕೆ. ಅತ್ತೆ ಜಗುಲಿಯಲ್ಲಿ ಕುಳಿತು ಅಡಕೆ ಆರಿಸುತ್ತಿದ್ದರು. ನಾನು ಆರಂಭಿಸುವ ಮೊದಲೇ ಕೈ ಅಲ್ಲಾಡಿಸಿದರು.

“ಅದು ಇರ್ಲಿ ಬಿಡೋ. ಇವತ್ತಲ್ಲ ನಾಳೆ ಹಾಕಿಸ್ಲೇಬೇಕಲ್ಲ, ಈಗ್ಲೇ ಹಾಕ್ಸಿದೀಯ. ಆದ್ರೆ ಪಟ್ಟೀಲಿ ಔಷಧಿ ಅಜ್ಜಿ ಹೆಸರೇ ಇಲ್ಲವಲ್ಲ?”

ಔಷಧಿ ಅಜ್ಜಿ ಯಾರೆಂದು ನನಗೆ ತಿಳಿದಿರಲಿಲ್ಲ. ಅತ್ತೆ ಹೇಳಿದರು. ಅವರ ಬಾಲ್ಯದಲ್ಲಿ ಊರಿನ ಅಂಚಿನ ಬಿಡಾರದಲ್ಲಿದ್ದ ಮುದುಕಿ. ಎಲ್ಲಿಂದ ಬಂದವಳೋ, ಯಾರ ಮನೆಯವಳೋ! ಹಾವು ಕಚ್ಚಿದವರಿಗೆ, ಬಾಣಂತಿಯರಿಗೆ, ಹಾಲು ಬತ್ತಿದ ಎಮ್ಮೆಗಳಿಗೆ ಬೇರು ನಾರು ಅರೆದು ಕೊಡುತ್ತಿದ್ದಳು. ಅದಕ್ಕೇ ಆ ಹೆಸರು. ಬೇರೆ ಹೆಸರನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅರೆಯುವಾಗ ಹಾಡುತ್ತಿದ್ದಳು. ಕಲ್ಲು ತಿರುವಲು ಕೂತ ಹುಡುಗಿಗೆ ಹಾಡು ಬಂತು. “ನಾನು ನಿನ್ನಪ್ಪಂಗೆ ಹೇಳಿದ್ದೆಲ್ಲ ಅವಳ್ದೇ. ಅವನು ಬರ್ಕೊಳ್ಳೋವಾಗ ಯಾರಕ್ಕಾ ಹೇಳಿದ್ದು ಅಂತ ಕೇಳ್ದ, ನಾನು ಅಂದೆ. ನಿಂಗೆ ಯಾರು ಹೇಳಿದ್ದು ಅಂತ ಕೇಳ್ಲೇ ಇಲ್ಲ.” ಅಡಕೆಯೊಂದನ್ನು ಬೆರಳಿನಲ್ಲಿ ತಿರುಗಿಸಿ ನೋಡಿ ಬುಟ್ಟಿಗೆ ಹಾಕಿದರು. “ನನ್ನ ಸಾವು ತೆಗೀತೀಯೋ ಇಡ್ತೀಯೋ ನಿನ್ನಿಷ್ಟ. ಅವಳನ್ನೊಂದು ಸೇರ್ಸು.”

ಹೀಗೆ, ಎರಡು ಅಕ್ಷರ ತೆಗೆಯಲು ಹೋದವನು ಆರೆಂಟು ಅಕ್ಷರ ಸೇರಿಸುವ ಹೊಣೆ ಹೊತ್ತು ಹಿಂದಿರುಗಿದೆ. ತೆಗೆಯುವುದಕ್ಕೂ ಸೇರಿಸುವುದಕ್ಕೂ ಇರುವ ಅಂತರ ಎಷ್ಟೆಂಬುದು ಆಗ ನನಗೆ ಗೊತ್ತಿರಲಿಲ್ಲ.

ಪಿಡಿಎಫ್ ಎಂಬ ರೂಪವನ್ನು ಅಡೋಬಿ ಎಂಬ ಅಮೆರಿಕದ ಸಂಸ್ಥೆ 1993ರಲ್ಲಿ ಹೊರತಂದಿತು. 2008ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವೂ ಆಯಿತು. ಯಾವ ಯಂತ್ರದಲ್ಲಿ ತೆರೆದರೂ ಪುಟ ಒಂದೇ ರೀತಿ ಕಾಣಬೇಕೆಂಬುದು ಅದರ ವ್ರತ. ಆ ವ್ರತಕ್ಕಾಗಿ ಅದು ಮಾಡುವ ತ್ಯಾಗವೇ ನಮ್ಮಂಥವರಿಗೆ ಮುಳ್ಳು. ಅದರೊಳಗೆ ವಾಕ್ಯ, ಪ್ಯಾರಾ ಎಂಬುವು ಸಾಮಾನ್ಯವಾಗಿ ಇರುವುದಿಲ್ಲ. ‘ಈ ಆಕಾರವನ್ನು ಎಡದಿಂದ ಇಷ್ಟು, ಕೆಳಗಿನಿಂದ ಇಷ್ಟು ದೂರದಲ್ಲಿಡು’ ಎಂಬ ಆಜ್ಞೆಗಳಷ್ಟೇ ಇರುತ್ತವೆ. ನಡುವೆ ಒಂದು ಪದ ನುಗ್ಗಿಸಿದರೆ ಮುಂದಿನ ಪದಗಳು ಸರಿದು ದಾರಿ ಬಿಡುವುದಿಲ್ಲ. ಒಂದು ಬಗೆಯ ಕಲ್ಲಿನ ಶಾಸನವೆನ್ನಿ.

ಶಾಸನವೆಂದಾಗ ತಾಳಗುಂದ ನೆನಪಾಗುತ್ತದೆ. ನಾನು ಹುಡುಗನಾಗಿದ್ದಾಗ ತಂದೆಯವರು ಶಿರಾಳಕೊಪ್ಪದ ಬಸ್ಸು ಹತ್ತಿಸಿ ಅಲ್ಲಿಗೆ ಕರೆದೊಯ್ದಿದ್ದರು. ಪ್ರಣವೇಶ್ವರ ದೇವಾಲಯದ ಮುಂದಿನ ಕದಂಬರ ಕಂಬದ ಮೇಲಿನ ಸಂಸ್ಕೃತ ಕಾವ್ಯವನ್ನು ರಚಿಸಿದವನು ಕುಬ್ಜನೆಂಬ ಕವಿ. ಅದನ್ನು ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಹೇಳಿಕೊಂಡಿದ್ದಾನೆ. ಜಾಣ! ಅಕ್ಷರ ಜೋಡಿಸುವ ಕೆಲಸವನ್ನು ಇನ್ನೊಬ್ಬರಿಗೆ ಬಿಡಲಿಲ್ಲ. ನಮ್ಮ ಸೊರಬ ತಾಲ್ಲೂಕಿನ ಶಾಸನಗಳನ್ನು ಬಿ. ಎಲ್. ರೈಸರು 1904ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ 8ನೆಯ ಸಂಪುಟದಲ್ಲಿ ಅಚ್ಚು ಮಾಡಿಸಿದರು, ಶಾಸನಗಳ ಅಭ್ಯಾಸವುಳ್ಳವರಿಗೆ ಗೊತ್ತು, ಕಂಡರಣೆಯವನು ಅಕ್ಷರ ನುಂಗಿದರೆ ಅದನ್ನು ಸಾಲಿನ ಮೇಲೋ ಕೆಳಗೋ ಸಣ್ಣದಾಗಿ ಕೆತ್ತಿ ಸೇರಿಸುತ್ತಿದ್ದುದುಂಟು. ಓಲೆಗರಿಯವರಿಗೆ ಹಂಸಪಾದವಿತ್ತು. ಕಾಗದದ ಹಸ್ತಪ್ರತಿಯವರು ಹಳದಿಯ ಹರಿತಾಳವನ್ನು ಬಳಿದು ತಪ್ಪನ್ನು ಮುಚ್ಚುತ್ತಿದ್ದರು. ಮುಗಿದ ಬರೆಹದಲ್ಲಿ ಸಣ್ಣ ತಿದ್ದುಪಡಿಗೆ ಏನನ್ನು ಬಳಸಬೇಕೆಂಬ ಪ್ರಶ್ನೆ ಹೊಸದೇನಲ್ಲ.

ಈ ಕಾಲದ ಹರಿತಾಳವನ್ನು ಹುಡುಕಿಕೊಂಡು ಮೊದಲು ಅಂತರಜಾಲದ ಒಂದು ತಾಣಕ್ಕೆ ಹೋದೆ. ಕಡತ ಏರಿಸಿ, ತಿದ್ದಿ, ಇಳಿಸಿಕೊಳ್ಳಿ, ಎಲ್ಲವೂ ಉಚಿತ ಎಂದಿತ್ತು. ಏರಿಸಿದೆ. ಅತ್ತೆಯ ಹೆಸರಿನ ಮೇಲೆ ಒತ್ತಿದೊಡನೆ ಅದು ರೋಮನ್ ಅಕ್ಷರಗಳ, ಚಿಹ್ನೆಗಳ ಒಂದು ಸಂತೆಯಾಗಿ ಮಾರ್ಪಟ್ಟಿತು. ನಮ್ಮ ಅಕ್ಷರಗಳ ಗತಿ ಇದು. ಯೂನಿಕೋಡ್ ಎಂಬ ಜಾಗತಿಕ ಅಕ್ಷರಕೋಶದಲ್ಲಿ ಕನ್ನಡಕ್ಕೆ 1991ರಲ್ಲಿಯೇ ತನ್ನದೇ ಮನೆ ದೊರೆತರೂ ಅಚ್ಚಿನವರು ಬಹುಕಾಲ ಅಲ್ಲಿಗೆ ಹೋಗಲಿಲ್ಲ; ಕನ್ನಡದ ತುಣುಕುಗಳನ್ನು ಇಂಗ್ಲಿಷಿನ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಕೂರಿಸಿದರು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯ ಹಳೆಯ ವಿನ್ಯಾಸದಲ್ಲಿ ‘ಕನ್ನಡ’ ಎಂದು ಬರೆದು, ಆ ಅಕ್ಷರಶೈಲಿಯಿಲ್ಲದ ಕಡೆ ಅಂಟಿಸಿ ನೋಡಿ: ಒಂದು ‘ಪಿ’, ತಲೆಯ ಮೇಲೆ ಗೆರೆ ಹೊತ್ತ ಮೂರು ‘ಎ’, ನಡುವೆ ಇಂಗ್ಲೆಂಡಿನ ಪೌಂಡಿನ ಗುರುತು! ನಮ್ಮ ಮುದ್ರಣಾಲಯದವರು ಬಳಸಿದ್ದು ಬೇರೆ ವಿನ್ಯಾಸ. ಆದುದರಿಂದ ಗೊಂದಲವೂ ಬೇರೆ. ಜೊತೆಗೆ, ತಂದೆಯವರ ಒಂಬತ್ತು ಹಾಜರಿ ಪುಸ್ತಕಗಳ ಫಲವನ್ನು ಎಲ್ಲಿರುವರೆಂದೇ ತಿಳಿಯದ ಯಾರ ಕೈಗೋ ಒಪ್ಪಿಸಿ ಬಂದೆನಲ್ಲ ಎಂಬ ಅಳುಕು ರಾತ್ರಿಯೆಲ್ಲ ಕಾಡಿತು.

ಸೋಮವಾರ ನಮ್ಮ ಕಾಲೇಜಿನ ಗಣಕವಿಜ್ಞಾನದ ಮಿತ್ರರಿಗೆ ಶರಣಾದೆ. ಅವರು ಮೊದಲು ಸೂಚಿಸಿದ್ದು ಅತಿ ಸುಲಭದ ದಾರಿ: ‘ದಿ.’ಯ ಮೇಲೆ ಬಿಳಿಯ ಚೌಕವೊಂದನ್ನು ಹಾಕಿ, ಬೇಕಾದುದನ್ನು ಮೇಲೆ ಬರೆದುಬಿಡುವುದು. ಅಕ್ಷರ ತಿದ್ದುತ್ತೇವೆನ್ನುವ ಉಚಿತ ತಂತ್ರಾಂಶಗಳಲ್ಲಿ ಹಲವು ಮಾಡುವುದು ಇಷ್ಟನ್ನೇ.

“ಕೆಳಗಿನದು ಹೋಗುವುದಿಲ್ಲವೆ?” ಎಂದೆ.

“ಎಲ್ಲಿಗೆ ಹೋಗುತ್ತದೆ ಮೇಷ್ಟ್ರೇ, ಅಲ್ಲೇ ಇರುತ್ತದೆ. ಕಾಣುವುದಿಲ್ಲ ಅಷ್ಟೆ.”

ಅವರೇ ಒಂದು ಕಥೆ ಹೇಳಿದರು. 2019ರ ಜನವರಿಯಲ್ಲಿ ಅಮೆರಿಕದಲ್ಲಿ ಪಾಲ್ ಮ್ಯಾನಫೋರ್ಟ್ ಎಂಬಾತನ ವಕೀಲರು ನ್ಯಾಯಾಲಯಕ್ಕೆ ಸಲ್ಲಿಸಿದ ಕಡತದಲ್ಲಿ ಗುಟ್ಟಿನ ಸಾಲುಗಳ ಮೇಲೆ ಕಪ್ಪು ಪಟ್ಟಿ ಎಳೆದಿದ್ದರಂತೆ. ಆ ಭಾಗವನ್ನು ನಕಲು ಮಾಡಿ ಬೇರೆಡೆ ಅಂಟಿಸಿದೊಡನೆ ಕೆಳಗಿನ ಸಾಲುಗಳೆಲ್ಲ ಪ್ರತ್ಯಕ್ಷ! ಪತ್ರಿಕೆಗಳಿಗೆ ಹಬ್ಬವಾಯಿತು. ಅಚ್ಚಿನ ಕಾಗದಕ್ಕೆ ಈ ಭಯವಿಲ್ಲ, ನಿಜ. ಆದರೆ ಕಡತವನ್ನು ಊರಿನ ಮಕ್ಕಳ ಮೊಬೈಲುಗಳಿಗೂ ಹಂಚುವ ಆಸೆ ನನಗಿತ್ತು. ಅದಕ್ಕಿಂತ ಹೆಚ್ಚಾಗಿ, ಅತ್ತೆಯ ‘ದಿ.’ಯನ್ನು ಉಳಿಸಿಕೊಂಡೇ ಮೇಲೆ ಬಿಳಿಯ ವಸ್ತ್ರ ಹೊದಿಸುವುದು! ಅದು ನಮ್ಮ ಕಡೆ ಯಾವುದರ ಲಕ್ಷಣವೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ಬೇಡವೆಂದೆ.

ಮುಂದೆ ಅಡೋಬಿಯವರದೇ ಆದ ಅಕ್ರೊಬ್ಯಾಟ್. ಹಣ ಕಟ್ಟಿ ಬಳಸುವ ತಂತ್ರಾಂಶ. ಮಿತ್ರರ ಬಂಧುವೊಬ್ಬರ ಕಚೇರಿಯಲ್ಲಿತ್ತು. ಅಲ್ಲಿ ‘ದಿ.’ ಒಂದೇ ಒತ್ತಿಗೆ ಮಾಯವಾಯಿತು. ಅಡಿಯಲ್ಲಿಯೂ ಉಳಿಯಲಿಲ್ಲ. ಅತ್ತೆ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಪುನಃ ಬದುಕಿದರು. ತೆಗೆಯುವುದಷ್ಟೇ ನಿಮ್ಮ ಕೆಲಸವಾಗಿದ್ದರೆ ನಾನು ಇಲ್ಲಿಗೇ ನಿಲ್ಲಿಸಿ, ಇದೊಂದೇ ಸಾಕೆನ್ನುತ್ತಿದ್ದೆ.

ಆದರೆ ಔಷಧಿ ಅಜ್ಜಿ? ಪುಟದ ಅಕ್ಷರಶೈಲಿ ಮುದ್ರಣಾಲಯದವರು ಕೊಂಡದ್ದು, ಸುಟ್ಟ ಯಂತ್ರದಲ್ಲಿತ್ತು. ನಮ್ಮಲ್ಲಿಲ್ಲ. ಶೈಲಿ ನಮ್ಮ ಯಂತ್ರದಲ್ಲಿ ಇಲ್ಲದಿದ್ದರೆ ಅಕ್ರೊಬ್ಯಾಟ್ ಅದರಲ್ಲಿ ಹೊಸ ಅಕ್ಷರ ಬರೆಯಗೊಡುವುದಿಲ್ಲ. ಬೇರೆ ಶೈಲಿಯನ್ನು ತಂದು ಹಾಕುತ್ತದೆ. “ಕಡತದೊಳಗೇ ಅಕ್ಷರಗಳಿವೆಯಲ್ಲ, ಇಲ್ಲವಾದರೆ ನಮಗೆ ಕಾಣುವುದು ಹೇಗೆ?” ಎಂದು ವಾದಿಸಿದೆ. ಮಿತ್ರರು ಕಡತದ ಗುಣಲಕ್ಷಣಗಳ ಪಟ್ಟಿಯನ್ನು ತೆರೆದು ತೋರಿಸಿದರು. ಶೈಲಿಯ ಹೆಸರಿನ ಹಿಂದೆ ಅರ್ಥವಿಲ್ಲದ ಆರು ದೊಡ್ಡ ರೋಮನ್ ಅಕ್ಷರಗಳು, ಒಂದು ಕೂಡಿಸುವ ಚಿಹ್ನೆ. ಶೈಲಿ ಪೂರ್ತಿಯಾಗಿಲ್ಲ, ಒಂದು ಭಾಗ ಮಾತ್ರ ಇದೆ ಎಂಬುದಕ್ಕೆ ಅದು ಗುರುತು. ಕಡತದ ಗಾತ್ರ ಕಡಮೆಯಾಗಲೆಂದು, ಆ ಪುಸ್ತಕದಲ್ಲಿ ಬಳಕೆಯಾದ ಅಕ್ಷರಗಳನ್ನಷ್ಟೇ ಒಳಗೆ ತುಂಬುತ್ತಾರೆ. ಬಳಸದ ಅಕ್ಷರ ಬಾಗಿಲ ಹೊರಗೆ.

ನಾವು 112 ಪುಟಗಳನ್ನೂ ನೋಡಿದೆವು. ಹಾಡುಗಳಲ್ಲೆಲ್ಲ ‘ಮದ್ದು’ ಇತ್ತು. ‘ಔಷಧ’ ಎಲ್ಲಿಯೂ ಇರಲಿಲ್ಲ. ಔತಣವಿಲ್ಲ, ಔದಾರ್ಯವಿಲ್ಲ. ಇಡೀ ಪುಸ್ತಕದಲ್ಲಿ ಒಂದೇ ಒಂದು ‘ಔ’ ಇರಲಿಲ್ಲ. ಈ ಹಾಡುಗಳನ್ನೆಲ್ಲ ಹಾಡಿದವಳ ಹೆಸರಿನ ಮೊದಲ ಅಕ್ಷರ ಪುಸ್ತಕದ ಬಳಿಯಲ್ಲಿಯೇ ಇಲ್ಲ! ಅದನ್ನು ಕಂಡು ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಬುಧವಾರ ಸಂಜೆ ಮಿತ್ರರ ಮನೆಯಲ್ಲಿ ಉಳಿದ ಪ್ರಯೋಗ. ಲಿಬ್ರೆ ಆಫೀಸಿನ ‘ಡ್ರಾ’ ಎಂಬುದು ಉಚಿತ. ಪಿಡಿಎಫ್ ತೆರೆದು ತಿದ್ದಗೊಡುತ್ತದೆ. ಸಾಲುಸಾಲನ್ನೂ ಬೇರೆ ಬೇರೆ ಚೌಕಟ್ಟಿನಲ್ಲಿ ಕೂರಿಸುವುದು ಅದರ ಪದ್ಧತಿ. ಶೈಲಿ ಯಂತ್ರದಲ್ಲಿದ್ದರೆ ಸಣ್ಣಪುಟ್ಟ ತಿದ್ದುಪಡಿಗೆ, ಅದರಲ್ಲೂ ಇಂಗ್ಲಿಷ್ ಪತ್ರಗಳಿಗೆ, ಸಾಕಷ್ಟು ಒಳ್ಳೆಯದು. ನಮ್ಮಲ್ಲಿ ಶೈಲಿಯಿಲ್ಲದ್ದರಿಂದ ಕಡ ತಂದ ಶೈಲಿಯಲ್ಲಿ ಒತ್ತಕ್ಷರಗಳೆಲ್ಲ ದಾರಿತಪ್ಪಿದವು. ಅದನ್ನು ಮುಚ್ಚಿ, ಇಂಕ್‌ಸ್ಕೇಪ್ ತೆರೆದೆವು. ಅದೂ ಉಚಿತ. ಆದರೆ ಅದು ಬರೆಯುವವರ ತಂತ್ರಾಂಶವಲ್ಲ, ಚಿತ್ರಗಾರರದು. ಪಿಡಿಎಫಿನ ಪುಟವನ್ನು ಒಳಗೆ ತರುವಾಗ ಅಕ್ಷರಗಳನ್ನು ಅಕ್ಷರಗಳೆಂದು ಬಗೆಯದೆ ಬರಿಯ ಗೆರೆಗಳೆಂದು ತರುವ ಆಯ್ಕೆ ಅದರಲ್ಲುಂಟು. ಹಾಗೆ ತಂದರೆ ಶೈಲಿ ಇದೆಯೇ ಇಲ್ಲವೇ ಎಂಬ ಮಾತೇ ಏಳುವುದಿಲ್ಲ. ಪ್ರತಿ ಅಕ್ಷರವೂ ಎತ್ತಿ ಇಡಬಹುದಾದ ಒಂದು ತುಂಡು. ಹಿಂದೆ ಸೀಸದ ಮೊಳೆಗಳನ್ನು ಒಂದೊಂದಾಗಿ ಎತ್ತಿ ಜೋಡಿಸುತ್ತಿದ್ದರಲ್ಲ, ಅದೇ. ತಿದ್ದಿದ ಪುಟದಲ್ಲಿ ಮುಂದೆ ಪದ ಹುಡುಕಲಾಗದೆಂಬುದು ಇದರ ದೋಷ. ನಮ್ಮ ಕಡತದಲ್ಲಿ ಮೊದಲೇ ಹುಡುಕಲಾಗುತ್ತಿರಲಿಲ್ಲವಾದ್ದರಿಂದ ಕಳೆದುಕೊಳ್ಳುವುದೇನೂ ಇರಲಿಲ್ಲ.

‘ಷ’ ಸಿಕ್ಕಿತು. ‘ಧಿ’ ವಿಧಿಯೆಂಬ ಪದದಿಂದ ಬಂತು. ‘ಅಜ್ಜಿ’ ಒಂದು ಜೋಗುಳದಲ್ಲಿ ಇಡಿಯಾಗಿಯೇ ದೊರೆತಳು. ‘ಔ’ ಮಾತ್ರ? ಇಲ್ಲಿ ನನ್ನ ಎಂ.ಎ. ಪದವಿ ಮೊದಲ ಬಾರಿಗೆ ಉಪಯೋಗಕ್ಕೆ ಬಂತೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ. ಕಪ್ಪು ಹಲಗೆಯ ಮೇಲೆ ಸಾವಿರ ಸಲ ಬರೆದ ಆ ಅಕ್ಷರವನ್ನು ಮನಸ್ಸಿನಲ್ಲಿ ಬಿಡಿಸಿ ನೋಡಿದೆ. ‘ಒ’ಕಾರದ ಮೈ, ಅದರ ತಲೆಗೆ ಔತ್ವದ ಕೊಂಬು, ಅಷ್ಟೇ ತಾನೆ! ‘ಒಂದು’ ಎಂಬ ಪದದಿಂದ ‘ಒ’ವನ್ನು ಎತ್ತಿದೆವು. ಕೊಂಬಿಗಾಗಿ ಪುಟ ಮಗುಚಿದಾಗ ಗೌರಿ ಹಬ್ಬದ ಹಾಡು ಎದುರಾಯಿತು. ‘ಗೌರಿ’ಯ ತಲೆಯ ಮೇಲಿನ ಬಾಲವನ್ನು ನಕಲು ಮಾಡಿ ‘ಒ’ವಿನ ಮೇಲೆ ಕೂರಿಸಿದೆವು. ಮೊದಲು ಎತ್ತರವಾಯಿತು, ಆಮೇಲೆ ಎಡಕ್ಕೆ ವಾಲಿತು. ಮಿತ್ರರ ಪತ್ನಿ ಅಡಿಗೆಮನೆಯಿಂದ ಬಂದು ಇಣುಕಿ, “ಇನ್ನೊಂದು ಕೂದಲೆಳೆ ಕೆಳಗೆ” ಎಂದರು. ಅವರು ರಂಗೋಲಿ ಹಾಕುವವರು. ಸರಿಹೋಯಿತು.

ಇನ್ನು ಸ್ಥಳ. ಎರಡು ಸಾಲಿನ ಪಟ್ಟಿಯಾದ್ದರಿಂದ ಅತ್ತೆಯ ಹೆಸರಿನ ಮುಂದೆ, ‘ದಿ.’ಯ ಜಾಗವನ್ನೂ ಸೇರಿಸಿದರೆ, ಎಂಟು ಅಕ್ಷರಕ್ಕೆ ಎಡೆ. ಏಳು ಫಾರಂ ಭರ್ತಿಯಾಗಿರುವ ಪುಸ್ತಕಕ್ಕೆ ಹೊಸ ಪುಟ ಸೇರಿಸುವಂತಿಲ್ಲ. ‘ಇವರಿಗೆ ಈ ಹಾಡುಗಳನ್ನು ಕಲಿಸಿದವರು ಔಷಧಿ ಅಜ್ಜಿ’ ಎಂದು ಬರೆಯುವ ನನ್ನ ಯೋಜನೆ ಸಾಲು ದಾಟಿ ಪಕ್ಕದವರ ಮನೆಗೆ ನುಗ್ಗಿತು. ‘ಕಲಿಸಿದವರು’ ಎಂಬುದೊಂದೇ ಆರು ಅಕ್ಷರ ತಿಂದಿತು. ಕೊನೆಗೆ ಹಿಡಿಸಿದ್ದು ಇಷ್ಟು: ‘ಗುರು: ಔಷಧಿ ಅಜ್ಜಿ’.

ಆ ಒಂದು ಪುಟವನ್ನು ಪಿಡಿಎಫ್ ಆಗಿ ಉಳಿಸಿ, ಅಳತೆ ಹಳೆಯದೇ ಇದೆಯೆಂದು ಖಚಿತಪಡಿಸಿಕೊಂಡು, ಪಿಡಿಎಫ್ ಅರೇಂಜರ್ ಎಂಬ ಇನ್ನೊಂದು ಉಚಿತ ಸಾಧನದಿಂದ ಹಳೆಯ ಮೂರನೆಯ ಪುಟ ಕಿತ್ತು ಹೊಸದನ್ನು ಸೇರಿಸಿದೆವು. ಮೂಲ ಕಡತದ ಒಂದು ಪ್ರತಿಯನ್ನು ಹಾಗೆಯೇ ಬೇರೆ ಇಟ್ಟಿರಬೇಕೆಂದು ಮಿತ್ರರು ನನಗೆ ಎರಡು ಸಲ ಹೇಳಿದರು. ಗುರುವಾರ ಮುದ್ರಣಾಲಯದ ಯಜಮಾನರು ಪುಟವನ್ನು ಬೆಳಕಿಗೆ ಹಿಡಿದು ನೋಡಿ, “ಶೈಲಿ ಎಲ್ಲಿ ಸಿಕ್ಕಿತು ಸಾರ್?” ಎಂದರು. ಈ ಸಲ ಚಹಾ ನಾನು ತರಿಸಿದೆ.

ದೀಪಾವಳಿಯ ಸಂಜೆ ಉಳವಿಯಲ್ಲಿ ಪುಸ್ತಕ ಹೊರಬಂತು. ಜಗುಲಿಯಲ್ಲಿ ಅತ್ತೆಯ ಕೈಗೆ ಮೊದಲ ಪ್ರತಿ ಕೊಟ್ಟೆ. ಮೊಮ್ಮಗಳು ಮೂರನೆಯ ಪುಟ ತೆರೆದು ಓದಿದಳು. ‘ಗುರು’ ಎಂಬ ಪದ ಬಂದಾಗ ಅತ್ತೆ ತಲೆಯೆತ್ತಿದರು. ಅವಳನ್ನು ಹಾಗೆ ಯಾರೂ ಕರೆದಿರಲಿಲ್ಲವೆಂದರು. ಇನ್ನೊಂದು ಸಲ ಓದಿಸಿದರು. ನಾನು ಉತ್ಸಾಹದಿಂದ, ‘ಔ’ ಹುಟ್ಟಿದ ಕಥೆಯನ್ನು, ಗೌರಿಯ ಹಾಡಿನಿಂದ ಕೊಂಬು ತಂದದ್ದನ್ನು ವಿವರಿಸಿದೆ. ಅತ್ತೆ ಗಮನವಿಟ್ಟು ಕೇಳಿ, ಪುಸ್ತಕವನ್ನು ಮೊಮ್ಮಗಳ ಕೈಗೆ ಕೊಟ್ಟರು.

“ಗೌರಿ ಹಾಡು ತೆಗಿಯೇ ಮಗಾ. ಅವಳ ಬಾಲ ಅಲ್ಲೇ ಇದೆಯೋ, ಇವನು ಕಿತ್ಕೊಂಡೇ ಬಂದ್ನೋ ನೋಡು.”